ಸುಮಂಗಲಾಳ ಸೋಫಾದಲ್ಲಿ ಏಳು ದಿನ

ಹತ್ತಿರ ಬನ್ನಿ, ಈ ಮಾತು ನಮ್ಮ ಶುಗರ್ ಲ್ಯಾಂಡ್ ಊರಿನಲ್ಲಿ ಇನ್ನೊಬ್ಬರ ಕಿವಿಗೆ ಬೀಳಬಾರದು. ಗಾಳಿಯಿಂದ ಮೈಗೆ ತಗಲುವ ಹೊಗೆ, ಹುಳದ ಔಷಧ ಎಲ್ಲಾ ಅಳೆಯಲು ಯೂನಿವರ್ಸಿಟಿಯ ಹುಡುಗಿಯೊಬ್ಬಳು ನನಗೂ ಪಕ್ಕದ ಮನೆಯ ಸುಮಂಗಲಾಗೂ ಕೈಗೆ ಅದನ್ನೆಲ್ಲ ಹೀರಿಕೊಳ್ಳುವ ರಬ್ಬರ್ ಪಟ್ಟಿ ಹಾಕಿದಳು. ಒಂದು ವಾರ ಬಿಚ್ಚುವ ಹಾಗಿಲ್ಲ. ಸುಮಂಗಲಾಳ ಗಂಡ ಗರಾಜಿನಲ್ಲಿ ಕದ್ದು ಸಿಗರೇಟು ಸೇದುತ್ತಾನೆ ಅಂತ ನನಗೆ ಮೊದಲಿಂದಲೂ ಗುಮಾನಿ. ರಿಪೋರ್ಟಿನಲ್ಲೇ ಸಿಕ್ಕಿಬೀಳಲಿ ಅಂತ ಹಟ ಹಿಡಿದು, ಏಳೂ ದಿನ ಅವಳ ಸೋಫಾದಲ್ಲಿ ಅವಳಿಗೆ ಅಂಟಿಕೊಂಡೇ ಕೂತೆ.

ರಿಪೋರ್ಟ್ ಬಂತು. ಸಿಗರೇಟಿನ ಸುಳಿವೇ ಇಲ್ಲ. ಇಬ್ಬರ ಪಟ್ಟಿಯಲ್ಲೂ, ಸೀರೆಗೆ ಹುಳ ಬೀಳದಂತೆ ಇಡುವ ಡಾಂಬರ್ ಗುಳಿಗೆಯ ಅಂಶ!

"ನಿನ್ನ ಮನೀದ ಇರಬೇಕು" ಅಂದೆ.

ಸುಮಂಗಲಾ ಮುಖಕ್ಕೆ ಹೊಡೆದಂತೆ ಹೇಳಿದಳು: "ನಮ್ಮನ್ಯಾಗ ಆ ಗುಳಿಗಿನೇ ಇಲ್ರಿ ಆಂಟಿ. ನೀವು ದಿನಾ ಬಂದು ಕುಂತಿದ್ದಕ್ಕ ನಮ್ಮನಿಯವ್ರು ವಾರಪೂರ್ತಿ ಸಿಗರೇಟ್ ಮುಟ್ಟಲಿಲ್ಲ. ಮುಂದಿನ ವಾರಾನೂ ಬರ್ರಿ, ಆದ್ರ ನಿಮ್ಮ ಸೀರಿ ಬಿಸಿಲಿಗೆ ಹಾಕಿ ಬರ್ರಿ."