ಕಾಗೆ ಕರೆಯುತ್ತಿದ್ದ ಗ್ಯಾನಮ್ಮ

ನನ್ನ ಅತ್ತೆ ಗ್ಯಾನಮ್ಮ ಮುಕ್ಕುಂದದಲ್ಲಿ ಭತ್ತ ನಾಟಿ ಮಾಡುವ ಕೂಲಿಯವಳು. ಆದರೆ ಊರಿನಲ್ಲಿ ಯಾರೇ ಸತ್ತರೂ ಮೂರನೇ ದಿನದ ಕೆಲಸ ಅವಳಿಲ್ಲದೆ ನಡೆಯುತ್ತಿರಲಿಲ್ಲ. ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟು ಮನೆಯವರೆಲ್ಲ ದೂರ ಸರಿದು ನಿಂತಾಗ ಇವಳು "ಕಾವ್ ಕಾವ್, ಬರ್ರೆಪ್ಪೋ" ಎಂದು ಒಂದು ಕೂಗು ಹಾಕುವಳು. ಕಾಗೆ ಬಂದು ಎಡೆ ಮುಟ್ಟುವುದು. ಸತ್ತವರು ಬಂದು ಉಂಡರು ಎಂದು ಮನೆಯವರು ಕಣ್ಣೊರೆಸಿಕೊಳ್ಳುವರು.

ಇದರ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಮಾವ ಸತ್ತಾಗ ಸಂಜೆಯಾದರೂ ಒಂದು ಕಾಗೆಯೂ ಎಡೆಯ ಹತ್ತಿರ ಸುಳಿಯಲಿಲ್ಲವಂತೆ. ಹೆಂಡತಿಯ ಮೇಲೆ ಸಿಟ್ಟಿಟ್ಟುಕೊಂಡೇ ಹೋದ ಅಂತ ಬೀಗರು ನೆಂಟರೆಲ್ಲ ಆಡಿಕೊಂಡರು. ಆ ಮಾತು ಇನ್ನೊಬ್ಬ ಹೆಂಗಸಿಗೆ ಬರಬಾರದು ಎಂದು ಅತ್ತೆ ಅಂದಿನಿಂದ ದಿನಾ ಬೆಳಿಗ್ಗೆ ಸುಡುಗಾಡಿಗೆ ಹೋಗಿ, ತನ್ನ ಬುತ್ತಿಯಲ್ಲೇ ಒಂದಿಷ್ಟು ತೆಗೆದು ಕಾಗೆಗಳಿಗೆ ಹಾಕುತ್ತಿದ್ದಳು. ಹನ್ನೆರಡು ವರ್ಷ! ಕಾಗೆಗಳಿಗೆ ಅವಳ ದನಿ ಗೊತ್ತಿತ್ತು, ಅಷ್ಟೇ.

1992ರಲ್ಲಿ ಸಿಂಧನೂರಿನಿಂದ ಸೂಗಪ್ಪ ಮಾಸ್ತರ ಬಂದ. ಚಿತ್ರ ಬರೆಯುವವನು. ಮಕ್ಕಳಿಗೆಂದು ಕಾಗೆಗಳ ಮೇಲೆ ಚಿತ್ರದ ಪುಸ್ತಕ ಮಾಡುತ್ತಿದ್ದ. ಕಾಗೆ ಗೂಡಿಗೆ ತಂತಿ ಎಲ್ಲಿಂದ ತರುತ್ತದೆ, ಮರಿಗೆ ಏನು ತಿನಿಸುತ್ತದೆ, ಎಲ್ಲ ಅತ್ತೆಯಿಂದಲೇ ಕೇಳಿ ಬರೆದುಕೊಂಡ. ವಾರಗಟ್ಟಲೆ ನಮ್ಮ ಮನೆಯ ರೊಟ್ಟಿ ತಿಂದ. ಒಂದು ದಿನ ಅತ್ತೆ ಅವನಿಗೆ ಆ ಗುಟ್ಟನ್ನೂ ಹೇಳಿಬಿಟ್ಟಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಮಾಸ್ತರ್ರ."

"ನನ್ನ ಮಕ್ಕಳ ಆಣಿ ಬೇ, ಸತ್ರೂ ಹೇಳಂಗಿಲ್ಲ."

ಪುಸ್ತಕ ಬಂದಾಗ ನಾನು ಬಾಣಂತನಕ್ಕೆ ತುರ್ವಿಹಾಳದ ತವರಿನಲ್ಲಿದ್ದೆ. ಅತ್ತೆಗೆ ಅಕ್ಷರ ಬಾರದು. ಒಂದು ಪುಟದ ತುಂಬ ಅವಳದೇ ಚಿತ್ರ: ಹಣೆಯ ಹಚ್ಚೆ, ಹೊದ್ದ ಸೆರಗು, ಸುತ್ತಲೂ ಕಾಗೆ. ಹಿಗ್ಗಿ ಹೀರೇಕಾಯಿಯಾದಳಂತೆ. "ನೋಡ್ರೆವ್ವಾ, ಬುಕ್ಕಿನ್ಯಾಗ ನನ್ನ ಹಾಕ್ಯಾನ" ಎಂದು ತಾನೇ ಮನೆಮನೆಗೆ ಹೊತ್ತುಕೊಂಡು ಹೋಗಿ ತೋರಿಸಿದಳು. ನಮ್ಮ ಓಣಿಯ ಹೊನ್ನೂರಮ್ಮನ ಅಂಗಳದಲ್ಲಿ, ಶಾಲೆಗೆ ಹೋಗುವ ಅವಳ ಮೊಮ್ಮಗಳು ಚಿತ್ರದ ಕೆಳಗಿನದನ್ನು ಗಟ್ಟಿಯಾಗಿ ಓದಿದಳು: "ಕಾಗೆ ಜನರನ್ನು ಗುರುತು ಹಿಡಿಯುತ್ತದೆ. ಈ ಅಜ್ಜಿ ದಿನಾ ಸುಡುಗಾಡಿನಲ್ಲಿ ಅನ್ನ ಹಾಕುವುದರಿಂದ ಅವಳು ಕರೆದರೆ ಎಡೆ ತಿನ್ನಲು ಬರುತ್ತದೆ. ಸತ್ತವರಿಗೂ ಇದಕ್ಕೂ ಸಂಬಂಧವಿಲ್ಲ."

ನಾನು ಕೂಸನ್ನೆತ್ತಿಕೊಂಡು ವಾಪಸ್ ಬರುವಷ್ಟರಲ್ಲಿ ಊರು ಅವಳೊಡನೆ ಮಾತು ಬಿಟ್ಟಿತ್ತು. ನಾಟಿಗೂ ಕರೆಯುತ್ತಿರಲಿಲ್ಲ. ಪುಸ್ತಕ ಓದಿ ನನ್ನ ಮೈ ಉರಿದುಹೋಯಿತು. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಸಿಂಧನೂರು ಬಸ್ ಹತ್ತಿದೆ.

"ಮಕ್ಕಳಿಗೆ ಖರೆ ಸಂಗತಿ ತಿಳೀಬೇಕಲ್ಲಮ್ಮ. ಆಕಿ ಹೆಸರೇನೂ ಹಾಕಿಲ್ಲ ನಾ," ಅಂದ ಆ ಪುಣ್ಯಾತ್ಮ.

"ಹೆಸರು ಹಾಕಿಲ್ಲ, ಆಕಿ ಮಾರೀನ ಹಾಕೀರಿ! ಮಕ್ಕಳ ಮ್ಯಾಲೆ ಆಣಿ ಮಾಡಿದ್ರಲ್ಲ, ನಾಚಿಗಿ ಬರಂಗಿಲ್ಲೇನ್ರಿ?"

ಅತ್ತೆ ಮಾತ್ರ ಅವನಿಗೆ ಒಂದು ಬೈಗುಳವನ್ನೂ ಹಾಕಲಿಲ್ಲ. "ನಮ್ಮ ಮನ್ಯಾಗ ಉಂಡಾನವ್ವ, ಹೆಂಗ ಮನಸ್ಸು ಬಂತು ಅವಂಗ?" ಎಂದು ಅದನ್ನೇ ಅನ್ನುವಳು.

ಒಂದು ಮಧ್ಯಾಹ್ನ ಅಮರಮ್ಮ ಬಂದಳು. ಎರಡು ವರ್ಷದ ಹಿಂದೆ ಅವಳ ಒಬ್ಬನೇ ಮಗ ಕಾಲುವೆಯಲ್ಲಿ ಮುಳುಗಿ ಸತ್ತಿದ್ದ. ಅವನ ಎಡೆಗೂ ಕಾಗೆ ಕರೆದವಳು ನನ್ನ ಅತ್ತೆಯೇ. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲ ಹತ್ತಿರವೇ ಕೂತಳು.

"ಬೈಯಾಕ ಬಂದಿಲ್ಲ ಗ್ಯಾನವ್ವ. ಖರೆ ಹೇಳು. ಅವತ್ತ ನನ್ನ ಮಗ ಬಂದಿದ್ದನೋ ಇಲ್ಲೋ?"

ಅತ್ತೆ ಅವಳ ಕೈ ಹಿಡಿದುಕೊಂಡಳು. "ಕಾಗಿ ಕರದಾಕಿ ನಾನಾ ಬೇ, ಸುಳ್ಳು ಯಾಕ ಹೇಳಲಿ. ನಿನ್ನ ಮಗನ್ನ ಕರಿಯಾಕ ನನ್ನ ಕಡಿಂದ ಆಕೈತೇನು? ಅವ ತಾನಾ ಬಂದಿದ್ದ. ಹೊಟ್ಟಿ ತುಂಬ ಉಂಡು ಹೋದ."

ಅಮರಮ್ಮನಿಗೂ ಓದು ಬಾರದು.

"ಬುಕ್ಕಿನ್ಯಾಗ ಹಂಗಿಲ್ಲಲ್ಲವ್ವ," ಎಂದು ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ಹೋದಳು.