ಬೆನ್ನಿಗೆ ಮಣ್ಣು ಹತ್ತದ ಕಾಕಾ

ನಮ್ಮ ಚನ್ನಪ್ಪ ಕಾಕಾ ಮೂಗಿನಿಂದ ನಗುತ್ತಿದ್ದ. ಬಾಯಿಬಿಟ್ಟು ನಕ್ಕದ್ದನ್ನು ಬ್ಯಾಡಗಿಯಲ್ಲಿ ಯಾರೂ ಕಂಡವರಿಲ್ಲ. ‘ಹ್ಞುಂ’ ಎಂದು ಮೂಗಿನಿಂದ ಒಮ್ಮೆ ಗಾಳಿ ಬಿಟ್ಟರೆ ಸಾಕು, ಎದುರಿಗೆ ನಿಂತವನು ತಾನು ಯಾಕಾದರೂ ಬಾಯಿ ತೆರೆದೆನೋ ಎಂದುಕೊಳ್ಳಬೇಕು. ಮೆಣಸಿನಕಾಯಿ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತು ಅವನು ದಿನವಿಡೀ ಮಾಡುತ್ತಿದ್ದ ನಿಜವಾದ ವ್ಯಾಪಾರ ಇದೇ. ಹಾವೇರಿಯಲ್ಲಿ ಯಾರೋ ಮಾಳಿಗೆ ಮನೆ ಕಟ್ಟಿಸಿದರೆ ‘ಹ್ಞುಂ’. ರಾಣೆಬೆನ್ನೂರಿನ ಬೀಗರು ಕಾರು ಕೊಂಡರೆ ‘ಹ್ಞುಂ’. ಒಮ್ಮೆ ಮನೆಯವರೆಲ್ಲ ಕೂಡಿ ಕಾರವಾರಕ್ಕೆ ಕರೆದುಕೊಂಡು ಹೋದಾಗ ಸಮುದ್ರವನ್ನು ಮೇಲಿಂದ ಕೆಳಗೆ ನೋಡಿ, “ನೀರು ಭಾಳ ಐತಿ. ಕುಡ್ಯಾಕ ಬರೂದಿಲ್ಲ. ನಡೀರಿ” ಎಂದಿದ್ದ.

ಹರೆಯದಲ್ಲಿ ಅವನು ಪೈಲ್ವಾನ. ಮುರುಟಿದ ಕಿವಿಗಳು, ಎತ್ತಿನ ಹೆಗಲಿನಂಥ ಕುತ್ತಿಗೆ ಕೊನೆಯವರೆಗೂ ಉಳಿದಿದ್ದವು. ಕುಸ್ತಿ ಮಾತ್ರ ಉಳಿದಿರಲಿಲ್ಲ. ಹಾವೇರಿಯ ಒಂದು ದೊಡ್ಡ ಪಂದ್ಯದಲ್ಲಿ ಹಲಗೇರಿಯ ಯಾವನೋ ಸಣಕಲ ಇವನನ್ನು ಕಣ್ಣು ಮಿಟುಕಿಸುವುದರೊಳಗೆ ಚಿತ್ ಮಾಡಿ ಬೆನ್ನಿಗೆ ಮಣ್ಣು ಹಚ್ಚಿದ್ದನಂತೆ. ಅಂದಿನಿಂದ ಕಾಕಾ ಗರಡಿಮನೆಯ ಓಣಿಗೇ ಕಾಲಿಡಲಿಲ್ಲ. ಕಸರತ್ತಿಗೆ ಅವನು ತಿರುವುತ್ತಿದ್ದ ಮರದ ಕರ್ಲಾಕಟ್ಟಿ ನಮ್ಮ ದನದ ಕೊಟ್ಟಿಗೆಯ ಬಾಗಿಲಿಗೆ ಆಸರೆಯಾಗಿ ನಿಂತಿತ್ತು. ಆ ಮಾತನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ.

ಅಪ್ಪ ತೀರಿದ ಮೇಲೆ ಮನೆಯಲ್ಲಿ ಕಾಕಾನ ಮಾತೇ ಕೊನೆ. ನಾನು ಯಾವ ಕಾಲೇಜು ಸೇರಬೇಕು, ಯಾವ ಬ್ಯಾಂಕಿನ ಪರೀಕ್ಷೆ ಬರೆಯಬೇಕು, ಮೀಸೆ ಬಿಡಬೇಕೋ ಬೇಡವೋ, ಎಲ್ಲ ಅವನದೇ ತೀರ್ಮಾನ. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೆಲಸವನ್ನು ಒಮ್ಮೆಯಾದರೂ ಮಾಡಬೇಕೆಂಬ ಹಟ ನನಗೆ ಹತ್ತಿತ್ತು. ಆ ಕೆಲಸ ಸ್ನೋಬೋರ್ಡಿಂಗ್ ಆಗಿ ಒದಗಿ ಬಂತು. ಆಗತಾನೇ ನಮ್ಮ ಓಣಿಗೆ ಕೇಬಲ್ ಟೀವಿ ಬಂದಿತ್ತು. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಗುಡ್ಡದಿಂದ ಜಾರಿ ಬರುವವರನ್ನು ನೋಡಿ ನನಗೆ ಹುಚ್ಚು ಹಿಡಿದಿತ್ತು. ಹಾವೇರಿಯ ಕಾಲೇಜಿನಲ್ಲಿ ಜೊತೆಗಿದ್ದ ಪ್ರಕಾಶ ಮನಾಲಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಯಾರೋ ವಿದೇಶಿಯರು ಅಂಥದೊಂದು ಹಲಗೆಯನ್ನು ಅಲ್ಲೇ ಬಿಟ್ಟು ಹೋಗಿದ್ದಾರೆ, ಬ್ಯಾಂಕಿಗೆ ರಜೆ ಹಾಕಿ ಬಾ ಎಂದು ಫೋನು ಮಾಡಿದ.

ವಿಷಯ ತಿಳಿದದ್ದೇ ಊರವರೆಲ್ಲ ಹಿಮಾಲಯದ ಪಂಡಿತರಾದರು. ಧಾರವಾಡದ ಮಳೆಗೇ ಹಲ್ಲು ಕಟಕಟಿಸುವ ಜನ ಇವರು. ಒಬ್ಬರು ಮೈಗೆ ಸಾಸಿವೆ ಎಣ್ಣೆ ತಿಕ್ಕಿಕೋ ಎಂದರು, ಒಬ್ಬರು ಕಾಲುಚೀಲದೊಳಗೆ ಖಾರದ ಪುಡಿ ಹಾಕಿಕೋ ಎಂದರು. ಕಾಕಾನ ಹೆಂಡತಿ ಚಿಗವ್ವ ಹೆಣೆದ ಮಂಕಿಟೋಪಿಯಲ್ಲಿ ಕಣ್ಣಿಗೆ ಜಾಗ ಬಿಡುವುದೇ ಮರೆತುಹೋಗಿತ್ತು. ನಾನೇನು ಕಡಿಮೆ ಗಮಾರನೇ? ಊರಲ್ಲೇ ಅಭ್ಯಾಸಕ್ಕೆಂದು ರಾಣೆಬೆನ್ನೂರಿನ ಬಡಿಗೇರನಿಂದ ತೇಗದ ಹಲಗೆ ಮಾಡಿಸಿ, ಅದಕ್ಕೆ ಹಳೆಯ ಚಪ್ಪಲಿಯ ಪಟ್ಟಿ ಹೊಡೆಸಿಕೊಂಡು ಬಂದೆ. ಒಬ್ಬರಿಂದ ಎತ್ತಲಾಗದಷ್ಟು ಭಾರ.

ಕಾಕಾ ಆ ಹಲಗೆಯನ್ನು ನೋಡಿದ. “ಹ್ಞುಂ. ಇದನ್ನ ಕಾಲಿಗೆ ಕಟಗೊಂಡು ಬೀಳಾಕ ಅಷ್ಟು ದೂರ ಯಾಕ ಹೋಗ್ತಿ? ನಮ್ಮ ಬಾವ್ಯಾಗ ಬೀಳು.”

“ಬೀಳಾಕ ಅಲ್ಲ ಕಾಕಾ, ಜಾರಾಕ.”

“ಜಾರಿದವ ಬೀಳದ ಎಲ್ಲಿ ಹೋಗ್ತಾನ? ಮೊದಲ ಥಂಡಿ ತಡೀತಿ ಇಲ್ಲೋ ತೋರ್ಸು. ಆಮ್ಯಾಲ ಹೋಗೂದರ ಮಾತು.”

ಹೀಗೆ ನನ್ನ ತರಬೇತಿ ಶುರುವಾಯಿತು. ಗುರು, ಹಿಮದ ಮುಖವನ್ನೇ ಕಾಣದ ಕಾಕಾ. ಮೆಣಸಿನಕಾಯಿ ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜ್ ಆಗ ಊರಿಗೆ ಹೊಸದು. ಕಾಕಾನ ಚೀಲಗಳೂ ಅಲ್ಲಿದ್ದವು. ನನ್ನನ್ನು ಒಳಗೆ ಕೂರಿಸಿ, ತಾನೂ ಎದುರಿನ ಚೀಲದ ಮೇಲೆ ಕೂತ. ನನಗೆ ಎರಡು ಸ್ವೆಟರು, ಅವನಿಗೆ ಧೋತರ, ತೋಳಿಲ್ಲದ ಬನಿಯನ್ನು. ಥಂಡಿಯನ್ನೇನೋ ತಡೆಯಬಹುದಿತ್ತು. ಬಾಗಿಲು ಮುಚ್ಚಿದ ಕೋಣೆಯ ಘಾಟನ್ನು ತಡೆಯುವ ಮಗ ಹುಟ್ಟಿಲ್ಲ. ಕಣ್ಣು, ಮೂಗು ಎಲ್ಲ ಸೋರಿ ನಾನು ಸೀನತೊಡಗಿದೆ. ಕಾಕಾನ ತುಟಿ ನೀಲಿಗಟ್ಟಿತ್ತು, ಕಣ್ಣಿಂದ ನೀರು ಧಾರೆಯಾಗಿತ್ತು. ಆದರೂ, “ಇಷ್ಟೇನು ನಿಮ್ಮ ಹಿಮಾಲಯ?” ಎಂದ. ಮೊದಲು ಏಳುವುದು ಇಬ್ಬರಿಗೂ ಬೇಡ. ಕೊನೆಗೆ ಹಮಾಲರು ಬಂದು ಇಬ್ಬರನ್ನೂ ರಟ್ಟೆ ಹಿಡಿದು ಹೊರಗೆ ತಂದರು. ಇಂಥ ಮೂರ್ಖತನವನ್ನು ಬ್ಯಾಡಗಿಯವರಲ್ಲದೆ ಬೇರೆ ಯಾರೂ ಮಾಡಲಾರರು.

ಎರಡನೆಯ ಪಾಠ ರಾಣೆಬೆನ್ನೂರಿನಲ್ಲಿ. ಕಾಕಾನ ಪರಿಚಯದವರ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಹತ್ತಿಕಾಳಿನ ರಾಶಿ ಮನೆಯೆತ್ತರಕ್ಕೆ ಬಿದ್ದಿತ್ತು. ಅರಳೆ ಅಂಟಿದ ಆ ಬೆಳ್ಳನೆಯ ದಿಬ್ಬವೇ ನಮ್ಮ ಹಿಮಾಲಯ. ಹಲಗೆ ಕಟ್ಟಿಕೊಂಡು ಮೇಲಿಂದ ಹೊರಟವನು ಎರಡು ಮಾರು ಜಾರಿ ಅಂಗಾತ ಬಿದ್ದೆ. ಕೆಲಸಗಾರರು ಹೊಟ್ಟೆ ಹಿಡಿದು ನಕ್ಕರು.

“ನಗಬ್ಯಾಡ್ರಲೇ!” ಕಾಕಾ ಗುಡುಗಿದ ರಭಸಕ್ಕೆ ಅವರೆಲ್ಲ ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ಸರಿದರು. ಜಗತ್ತನ್ನೆಲ್ಲ ಹೀಗಳೆಯುವವನಿಗೆ ಇದೇನು ಬಂತೆಂದು ನನಗೆ ಆಶ್ಚರ್ಯ. ಅವನು ನನ್ನ ಬೆನ್ನಿಗೆ ಮೆತ್ತಿದ ಕಾಳನ್ನು ಒರಟಾಗಿ ಝಾಡಿಸಿದ. “ಶಿವ್ಯಾ, ಮುಖಾ ಒಡೀಲಿ, ಮೊಣಕಾಲು ಹೋಗ್ಲಿ, ಬೆನ್ನಿಗೆ ಮಾತ್ರ ಏನೂ ಹತ್ತಬಾರ್ದು. ಹೊಳ್ಳಿ ಬೋರಲು ಬೀಳಬೇಕು. ನೆಲಕ್ಕ ಬೆನ್ನು ಹಚ್ಚಿದವ ಗಂಡಸಲ್ಲ.” ಸಂಜೆಯವರೆಗೆ ನನ್ನನ್ನು ಮುಖಾಡೆ ಬೀಳಿಸಿ ಬೀಳಿಸಿ ಹದ ಮಾಡಿದ. ಬಾಯಿ ತುಂಬ ಹತ್ತಿಕಾಳು. ಕೊನೆಗೆ, “ಹೋಗಿ ಬಾ. ನಾ ಹೇಳಿದ್ದು ನೆನಪ ಇರಲಿ” ಎಂದ. ಅಪ್ಪಣೆ ಸಿಕ್ಕಿತು.

ತೇಗದ ಹಲಗೆಯನ್ನು ಊರಿನಲ್ಲೇ ಬಿಟ್ಟು ಮನಾಲಿಗೆ ಹೋದೆ. ಹಿಮದ ಮೇಲೆ ಮೊದಲ ದಿನವೆಲ್ಲ ಗುರುವಿನ ಮಾತನ್ನೇ ಪಾಲಿಸಿದೆ. ಹಲಗೆ ಸ್ವಲ್ಪ ವಾಲಿತೋ, ಹೊರಳಿ ಮುಖಾಡೆ. ಮೂಗಿನ ತೊಗಲು ಹೋಯಿತು, ಗದ್ದ ತರಚಿತು. ಪ್ರಕಾಶ ತಲೆ ಚಚ್ಚಿಕೊಂಡ. “ಏನೋ ಹುಚ್ಚಾ, ಹಿಂದಕ್ಕ ಕುಂದ್ರು, ಬೀಳು! ಬೆನ್ನು ಮೆತ್ತಗ ಹಿಮದಾಗ ಇಡು. ಎಷ್ಟ ಹೊತ್ತು ಮಾರಿ ತಿಕ್ಕೋತಿ?” ನನ್ನಿಂದಾಗಲಿಲ್ಲ. ಬೆನ್ನು ಒಪ್ಪಲೇ ಇಲ್ಲ. ಮರುದಿನ ಮೈಯಲ್ಲಿ ತ್ರಾಣ ಉಳಿಯದೆ ತಂತಾನೇ ಅಂಗಾತ ಬಿದ್ದೆ. ಮೇಲೆ ನೀಲಿ ಆಕಾಶ. ಏನೂ ಆಗಿರಲಿಲ್ಲ. ಯಾರೂ ನೋಡಲೂ ಇಲ್ಲ. ಬೀಳುವ ಭಯ ಅಲ್ಲಿಗೆ ಬಿಟ್ಟಿತು, ಸಂಜೆಯ ಹೊತ್ತಿಗೆ ನಾನು ಜಾರುತ್ತಿದ್ದೆ. ಅಷ್ಟು ಸುಖ ನನಗೆ ಮತ್ತೆ ಯಾವುದರಲ್ಲೂ ಸಿಕ್ಕಿಲ್ಲ.

ಊರಿಗೆ ಮರಳಿದಾಗ ಕಾಕಾ ನನ್ನ ಸುಲಿದ ಮೂಗನ್ನು ನೋಡಿ ಮೊದಲ ಸಲ ಮೆಚ್ಚಿದಂತೆ ತಲೆಯಾಡಿಸಿದ. “ಬೆನ್ನು?” ಎಂದ.

“ಹಚ್ಚಿದೆ ಕಾಕಾ. ಹಚ್ಚಿದ ಮ್ಯಾಲ ಕಲ್ತೆ.”

‘ಹ್ಞುಂ’ ಕೂಡ ಅನ್ನಲಿಲ್ಲ. ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಆಮೇಲೆ ನನ್ನೊಡನೆ ಬೇಕಾದಷ್ಟೇ ಮಾತು. ನಾನೂ ಅವನ ಹಾಗೆಯೇ ಸೆಟೆದುಕೊಂಡೆ. ಹಿಮ ಕಾಣದವನಿಗೆ ಇಷ್ಟು ಸೊಕ್ಕೇ ಎಂದು ಸಿಟ್ಟು. ಮುಂದೆ ನನಗೆ ವರ್ಗವಾಗಿ ಬ್ಯಾಡಗಿ ಬಿಟ್ಟೆ.

ಕಾಕಾ ತೀರಿಕೊಳ್ಳುವ ಮೊದಲಿನ ದೀಪಾವಳಿಗೆ ಹೋದಾಗ ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಕುತ್ತಿಗೆಯ ಸುತ್ತ ಅಂಗಿಯ ಕಾಲರು ಸಡಿಲವಾಗಿ ಜೋತು ಬಿದ್ದಿತ್ತು. ಅಡುಗೆಮನೆಯಲ್ಲಿ ಚಿಗವ್ವ ಕರಿಗಡಬು ಕರಿಯುತ್ತಿದ್ದಳು. ಅವಳಿಗೆ ಕೇಳಿಸದಂತೆ ದನಿ ತಗ್ಗಿಸಿ ಕರೆದ.

“ಶಿವ್ಯಾ, ಅವತ್ತು ಬೆನ್ನು ಹಚ್ಚಿದಿಯಲ್ಲ, ಹ್ಯಾಂಗಿತ್ತು?”

ಅಣಕಿಸುತ್ತಿದ್ದಾನೇನೋ ಎಂದು ಮುಖ ನೋಡಿದೆ. ಅಣಕ ಇರಲಿಲ್ಲ.

“ಮೆತ್ತಗಿತ್ತು ಕಾಕಾ.”

ಅವನು ಅಂಗೈ ಉಜ್ಜಿಕೊಂಡ. ಆಮೇಲೆ ಹೇಳಿದ: “ಹಾವೇರ್ಯಾಗ ನನಗೂ ಮೆತ್ತಗ ಇತ್ತೋ. ಎಣ್ಣಿ, ಮಜ್ಜಿಗಿ ಹಾಕಿ ಹದಾ ಮಾಡಿದ ಕೆಂಪು ಮಣ್ಣು. ಒಂಚೂರೂ ನೋವಾಗಲಿಲ್ಲ. ಆ ಮಂದಿ ನಗದ ಇದ್ದಿದ್ರ, ನಾ ಎದ್ದು ಮತ್ತ ಕುಸ್ತಿ ಹಿಡಿಯಾವ ಇದ್ದೆ.”