ಒಪ್ಪೋಲೆ ಓದಿದ ಮಂಗಳವಾರ

ನಾನು ಪುಸ್ತಕ ಓದಲಿಲ್ಲ. ಕೆಲವು ಪುಸ್ತಕಗಳ ಕೊನೆಯಲ್ಲಿ ಅಚ್ಚಿನ ತಪ್ಪುಗಳ ಪಟ್ಟಿ ಅಂಟಿಸಿರುತ್ತಾರಲ್ಲ, ಅದನ್ನು ಓದಿ ಅರ್ಧ ಗಂಟೆ ದೇವರ ಮಾತು ಹೇಳಿದೆ. ನಡೆದದ್ದು ಇಷ್ಟೇ. ಆ ದಿನ ಪವಿತ್ರಾತ್ಮನೇ ನನ್ನ ಬಾಯಲ್ಲಿ ಮಾತಾಡಿದ ಅಂತ ನಮ್ಮ ಸಭೆಯ ಕೆಲವು ಹೆಂಗಸರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಮಾತಾಡಿರಬಹುದು, ನಾನು ಅಡ್ಡ ಬರುವುದಿಲ್ಲ. ಆದರೆ ಮಾತಾಡಲು ನಾನು ಕೊಟ್ಟಿದ್ದು ಅಚ್ಚುಕೂಟದವರ ತಪ್ಪುಗಳನ್ನು.

ವಿದ್ಯಾರಣ್ಯಪುರಂನ ನಮ್ಮ ಮನೆಯ ಹಜಾರದಲ್ಲಿ ಪ್ರತಿ ಮಂಗಳವಾರ ಸಾಯಂಕಾಲ ನಾಲ್ಕಕ್ಕೆ ಸ್ತ್ರೀಯರ ಕೂಟ ಸೇರುತ್ತದೆ. ಹದಿನೈದಿಪ್ಪತ್ತು ಜನ. ಹಾಡು, ಪ್ರಾರ್ಥನೆ, ದೇವರ ವಾಕ್ಯ, ಕಾಫಿ. ನಮ್ಮ ಯಜಮಾನರು ತೀರಿಕೊಂಡ ವರ್ಷದಿಂದ ಅದನ್ನು ನಡೆಸುವವಳು ನಾನು. ನಾನು ಓದಿರುವುದು ಮೂರನೇ ಕ್ಲಾಸು. ದೊಡ್ಡ ಅಕ್ಷರದ ವೇದಪುಸ್ತಕ, ಅಂದರೆ ಬೈಬಲ್ಲು, ಓದುತ್ತೇನೆ, ಅರ್ಧ ಕಣ್ಣಿಂದ, ಅರ್ಧ ಬಾಯಿಪಾಠದಿಂದ. ಬಾಯಿಪಾಠ ಎಲ್ಲಿ ಮುಗಿಯುತ್ತದೋ ಅಲ್ಲಿ ಕೆಮ್ಮುತ್ತೇನೆ, ಪಕ್ಕದಲ್ಲಿ ಕೂತವರು ಮುಂದಕ್ಕೆ ಓದುತ್ತಾರೆ. ಹೀಗೇ ನಡೆದುಕೊಂಡು ಬಂದಿತ್ತು, ಯಾರೂ ನನಗೆ ಕೆಮ್ಮಿನ ಔಷಧಿ ತಂದುಕೊಟ್ಟಿರಲಿಲ್ಲ.

ಆ ಕೂಟ ನನಗೆ ಯಾಕೆ ಬೇಕು ಅಂದರೆ, ವಾರದಲ್ಲಿ ಅದೊಂದು ಗಂಟೆ ನಾನು ಬಾಯಿ ತೆರೆದರೆ ಇಪ್ಪತ್ತು ಜನ ಸುಮ್ಮನೆ ಕೇಳುತ್ತಾರೆ. ಮಿಕ್ಕ ಹೊತ್ತೆಲ್ಲ ನಮ್ಮ ಮನೆಯಲ್ಲಿ ಟಿವಿ ಮಾತಾಡುತ್ತದೆ, ಸೊಸೆ ಮಾತಾಡುತ್ತಾಳೆ, ಕುಕ್ಕರ್ ಮಾತಾಡುತ್ತದೆ. ಭಕ್ತಿಯೂ ಇದೆ, ಇಲ್ಲ ಅನ್ನುವುದಿಲ್ಲ. ಬರೆಯಲು ಕೂತ ಮೇಲೆ ಎರಡನ್ನೂ ಬರೆಯಬೇಕು.

ಹೀಗಿರುವಾಗ ಹೊಸ ಅಯ್ಯನವರು ಬಂದರು. ನಮ್ಮಲ್ಲಿ ಪಾದ್ರಿಗಳನ್ನು ಅಯ್ಯನವರು ಅನ್ನುತ್ತೇವೆ, ಅವರ ಹೆಂಡತಿಯನ್ನು ಅಮ್ಮನವರು ಅನ್ನುತ್ತೇವೆ, ವಯಸ್ಸು ಎಷ್ಟೇ ಇರಲಿ. ಇವರು ನನ್ನ ಮಗನಿಗಿಂತ ಚಿಕ್ಕವರು. ಬಂದ ಮೂರನೇ ಭಾನುವಾರ ಸಭೆಯಲ್ಲಿ ಒಂದು ಪಟ್ಟಿ ಹಂಚಿದರು. ಸಾಮಾನ್ಯ ವಿಶ್ವಾಸಿಗಳು ಓದಲೇಬೇಕಾದ ಹನ್ನೆರಡು ಪುಸ್ತಕಗಳಂತೆ. ಪ್ರಾರ್ಥನೆ ಹೇಗೆ ಮಾಡುವುದು, ಮನೆ ಹೇಗೆ ನಡೆಸುವುದು, ಸೇವೆ ಹೇಗೆ ಮಾಡುವುದು, ಇಂಥವು.

“ಕೂಟ ನಡೆಸೋರು ಒಂದು ತಿಂಗಳೊಳಗೆ ಇದರಲ್ಲಿ ಒಂದಾದ್ರೂ ಓದಿ, ಕೂಟದಲ್ಲಿ ನನ್ನ ಮುಂದೆ ಅದರ ಬಗ್ಗೆ ಮಾತಾಡ್ಬೇಕು. ಓದಕ್ಕಾಗದೇ ಇರೋರು ಬೇರೆಯವ್ರಿಗೆ ಬಿಟ್ಟುಕೊಡ್ಲಿ, ಬೇಜಾರೇನಿಲ್ಲ” ಅಂದರು.

ಅವರಿಗೆ ಬೇಜಾರಿಲ್ಲ, ಸರಿ.

ಬೇರೆಯವರು ಅಂದ ತಕ್ಷಣ ಇಡೀ ಸಭೆ ತಿರುಗಿ ನೋಡಿದ್ದು ಟೀಚರಮ್ಮನನ್ನು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ನಿವೃತ್ತಿಯಾಗಿ, ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಕೊಂಡವರು. ನಮ್ಮ ಕೂಟಕ್ಕೆ ನೋಟ್‌ಬುಕ್ಕು ಹಿಡಿದುಕೊಂಡು ಬರುವವರು ಅವರೊಬ್ಬರೇ. ಬೇರೆಯವರ ಪ್ರಾರ್ಥನೆಯನ್ನೂ ತಿದ್ದುತ್ತಾರೆ. ಒಂದು ಸಲ ನಾನು ಕಣ್ಣು ಮುಚ್ಚಿಕೊಂಡು, “ಸ್ವಾಮೀ, ಈ ಊರಿನ ಎಲ್ಲಾ ರೋಗಗಳಿಗೂ ನಿನ್ನ ಬಲ ಕೊಡು” ಅಂದುಬಿಟ್ಟೆ. ಆಮೆನ್ ಆದ ಕೂಡಲೇ ಟೀಚರಮ್ಮ, “ರೋಗಗಳಿಗಲ್ಲಮ್ಮ, ರೋಗಿಗಳಿಗೆ. ರೋಗಕ್ಕೆ ಬಲ ಬಂದ್ರೆ ನಮ್ಮ ಗತಿ ಏನು?” ಅಂದರು. ಎಲ್ಲರೂ ನಕ್ಕರು. ದೇವರಿಗೆ ಅರ್ಥವಾಗಿತ್ತು, ಟೀಚರಮ್ಮನಿಗೆ ಆಗಿರಲಿಲ್ಲ, ಅಷ್ಟೇ.

ಅವರಿಗೆ ನನ್ನ ಕೂಟ ಹೋಗಕೂಡದು ಅಂತ ನಾನು ಪಟ್ಟಿಯಲ್ಲಿದ್ದ ಪುಸ್ತಕಗಳಲ್ಲೆಲ್ಲ ತೆಳ್ಳಗಿದ್ದುದನ್ನು ಆರಿಸಿಕೊಂಡೆ. ತೆಳ್ಳಗಿದ್ದುದು ಯಾಕೆ ಅಂತ ಮನೆಗೆ ತಂದ ಮೇಲೆ ಗೊತ್ತಾಯಿತು. ಅಕ್ಷರ ಸಾಸಿವೆಯಷ್ಟಿತ್ತು. ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ಮೂರು ವಾರಕ್ಕೆ ಮೂರು ಪುಟ ಆಯಿತು. ಸೊಸೆಯನ್ನು ಕೇಳಿದೆ. ಅವಳು ದೇವರಾಜ ಮೊಹಲ್ಲಾದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ.

“ಸ್ವಲ್ಪ ಓದಿ ಹೇಳಮ್ಮ.”

“ಬೆಳಗ್ಗಿಂದ ಸೀರೆ ಬಿಚ್ಚಿ ತೋರ್ಸಿ, ಮಡಚಿ ಇಟ್ಟು ಸಾಕಾಗೋಗಿದೆ ಅತ್ತೆ. ನೀವೇ ಓದ್ಕೊಳ್ಳಿ. ನನ್ನ ತಪ್ಪು ಹುಡುಕಕ್ಕೆ ಕನ್ನಡಕಾನೂ ಬೇಡ ನಿಮ್ಗೆ, ಪುಸ್ತಕ ಓದಕ್ಕೆ ನಾನು ಬೇಕಾ?”

ಅವಳು ಹೇಳಿದ್ದು ನಿಜ. ಪುಸ್ತಕ ಎತ್ತಿಕೊಂಡು ಹಜಾರಕ್ಕೆ ಹೋದೆ.

ಮಂಗಳವಾರ ಅಯ್ಯನವರು ಬರುವವರಿದ್ದರು. ಸೋಮವಾರ ಬೆಳಿಗ್ಗೆ ನಾನಿನ್ನೂ ನಾಲ್ಕನೇ ಪುಟದ ಬಾಗಿಲಲ್ಲಿ ನಿಂತಿದ್ದೆ. ಕೊನೆಗೆ ಏನಾಗುತ್ತದೋ ಅದನ್ನಾದರೂ ನೋಡೋಣ ಅಂತ ಹಿಂದಿನ ಹಾಳೆ ತೆಗೆದೆ. ಅಲ್ಲೊಂದು ಗುಲಾಬಿ ಬಣ್ಣದ ಚೀಟಿ ಅಂಟಿಸಿತ್ತು. ಮೇಲೆ ದಪ್ಪಕ್ಷರದಲ್ಲಿ ‘ಒಪ್ಪೋಲೆ’ ಅಂತಿತ್ತು. ಓಲೆ ಅಂದರೆ ಕಾಗದ. ವೇದಪುಸ್ತಕದಲ್ಲಿ ಅಪೊಸ್ತಲರು ಸಭೆಗಳಿಗೆ ಓಲೆ ಬರೆಯುತ್ತಿದ್ದರು, ಈ ಪುಸ್ತಕದವರೂ ನಮಗೊಂದು ಬರೆದಿದ್ದಾರೆ ಅಂದುಕೊಂಡೆ. ಕೆಳಗೆ ಎಡಗಡೆ ‘ತಪ್ಪು’, ಬಲಗಡೆ ‘ಒಪ್ಪು’. ಭಾನುವಾರ ಭಾನುವಾರ ತಪ್ಪೊಪ್ಪಿಗೆಯ ಪ್ರಾರ್ಥನೆ ಹೇಳುವವಳಿಗೆ ಬೇರೆ ಏನು ಹೊಳೆಯಬೇಕು? ಒಂದೊಂದು ಮಾತಿನ ಹಿಂದೆಯೂ ಎರಡೆರಡು ಅಂಕಿ. ೧೪–೬. ೨೨–೩. ಅಧ್ಯಾಯ, ವಚನ. ಇಡೀ ಪುಸ್ತಕದ ಸಾರವನ್ನು ಐದು ಸಾಲಿಗೆ ಇಳಿಸಿ, ಇದು ತಪ್ಪು, ಇದು ಒಪ್ಪು ಅಂತ ಹೇಳಿ ಮುಗಿಸಿದ್ದಾರೆ. ಹಿಂದಿನ ಅಷ್ಟು ಪುಟ ಯಾಕೆ ಬರೆದರೋ ಅನ್ನಿಸಿತು. ಐದೂ ಸಾಲು ಬಾಯಿಪಾಠ ಮಾಡಿಕೊಂಡೆ.

ಮಂಗಳವಾರ ಹಜಾರ ತುಂಬಿತ್ತು. ಅಯ್ಯನವರು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ಅಮ್ಮನವರು. ಟೀಚರಮ್ಮ ಎದುರಿಗೇ ನೋಟ್‌ಬುಕ್ಕು ಬಿಚ್ಚಿಕೊಂಡು ಕೂತರು. ಹಾಡಾಯಿತು, ಪ್ರಾರ್ಥನೆಯಾಯಿತು. ನಾನು ಎದ್ದು ನಿಂತೆ.

“ಹದಿನಾಲ್ಕು, ಆರು. ಕುಡಿ, ತಪ್ಪು. ಕೂಡಿ, ಒಪ್ಪು. ಎರಡಕ್ಕೂ ಒಂದು ದೀರ್ಘ ಮಾತ್ರ ವ್ಯತ್ಯಾಸ ನೋಡಿ. ಕುಡಿದ್ರೆ ಮನೆ ಒಡೆಯುತ್ತೆ, ಕೂಡಿದ್ರೆ ಮನೆ ನಿಲ್ಲುತ್ತೆ.”

“ಸ್ತೋತ್ರ!” ಅಂದರು ನಾಲ್ಕೈದು ಜನ. ಅವರ ಗಂಡಂದಿರು ನನಗೆ ಗೊತ್ತು. ಒಬ್ಬಳು ವೇದಪುಸ್ತಕ ತಿರುವುತ್ತಾ, “ಅಜ್ಜಿ, ಹದಿನಾಲ್ಕು ಆರು ಯಾವ ಭಾಗದಲ್ಲಿ?” ಅಂದಳು.

“ಮೊದ್ಲು ಕೇಳಮ್ಮ, ಆಮೇಲೆ ಹುಡುಕುವಂತೆ. ಇಪ್ಪತ್ತೆರಡು, ಮೂರು. ಹರಟೆ, ತಪ್ಪು. ಹೊರಟೆ, ಒಪ್ಪು. ಇನ್ನೊಬ್ಬರ ಮನೆ ವಿಷ್ಯ ಶುರುವಾಯ್ತಾ, ಕೂತ್ಕೋಬೇಡಿ. ನಾನು ಹೊರಟೆ ಕಣ್ರೀ ಅಂತ ಸೆರಗು ಕೊಡವಿ ಎದ್ದುಬುಡಿ.”

ಟೀಚರಮ್ಮ ಬರೆಯುವುದನ್ನು ನಿಲ್ಲಿಸಿದ್ದರು. ಕರ್ಚೀಫು ಬಾಯಿಗೆ ಹೋಗಿತ್ತು, ಮುಖ ಕೆಂಪಾಗಿತ್ತು. ಮಾತು ನಾಟಿದೆ ಅಂದುಕೊಂಡು ನಾನು ದನಿ ಏರಿಸಿದೆ.

“ಮೂವತ್ತೊಂದು, ಒಂಬತ್ತು. ಕೋಳಿ, ತಪ್ಪು. ಕೇಳಿ, ಒಪ್ಪು. ಭಾನುವಾರ ಆರಾಧನೇಲಿ ಕೂತ್ಕೊಂಡು ಎಷ್ಟು ಜನ ಕೋಳಿ ಯೋಚ್ನೆ ಮಾಡ್ತೀರ, ಕೈ ಎತ್ತಿ. ಹೊತ್ತಾದ್ರೆ ಅಂಗಡೀಲಿ ಜನ ಆಗ್ಬುಡ್ತಾರೆ, ಒಳ್ಳೇ ಪೀಸು ಹೋಗ್ಬುಡುತ್ತೆ ಅಂತ. ಅಲ್ಲಿ ಅಯ್ಯನವ್ರು ಗಂಟ್ಲು ಹರ್ಕೋತಾ ಇರ್ತಾರೆ.”

ಏಳು ಕೈ ಎದ್ದವು. ಸ್ವಲ್ಪ ತಡೆದು ಎಂಟನೆಯದು ಎದ್ದಿತು, ಅದು ಅಮ್ಮನವರದು.

ನಾಲ್ಕನೆಯದನ್ನು ಬಿಟ್ಟುಬಿಡೋಣ ಅಂತ ಹಿಂದಿನ ದಿನವೇ ಯೋಚಿಸಿದ್ದೆ. ಆದರೆ ದೇವರ ಮಾತಲ್ಲಿ ನಮಗೆ ಆಗದ್ದನ್ನು ಬಿಟ್ಟು ಓದುವುದು ನ್ಯಾಯವಲ್ಲ. ಅವತ್ತು ಸೊಸೆಗೆ ರಜ ಬೇರೆ. ಕಾಫಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ನಲವತ್ತು, ಎರಡು. ಅತ್ತೆ, ತಪ್ಪು” ಅಂದೆ.

“ಆಮೆನ್!” ಅಂತ ಬಾಗಿಲಿಂದ ಬಂತು. ಲೋಟಗಳೂ ಗಲಗಲ ಅಂದವು.

“ಇನ್ನೂ ಮುಗ್ದಿಲ್ಲ, ತಾಳು. ಒಪ್ಪು ಅಂತ ‘ಮತ್ತೆ’ ಬರ್ದಿದ್ದಾರೆ. ಅತ್ತೆ ತಪ್ಪು ಮಾಡಿದ್ಲು ಅಂತ ಅಲ್ಲಿಗೇ ಬಿಡಬಾರದು. ಮತ್ತೆ ನೋಡ್ಬೇಕು. ಇವತ್ತು ಆಗ್ಲಿಲ್ವಾ, ನಾಳೆ ಮತ್ತೆ.”

“ಮತ್ತೆ ತಪ್ಪು ಮಾಡ್ಬೋದು ಅಂತಾನಾ ಅತ್ತೆ?”

“ನೀನು ಕಾಫಿ ಕೊಡು.”

ನಗು ನಿಲ್ಲುವವರೆಗೆ ಕಾದೆ. ಕೊನೆಯದು, ‘ನಾನೇ’ ತಪ್ಪು, ‘ನೀನೇ’ ಒಪ್ಪು. ಅದನ್ನು ಎರಡು ಸಲ ಹೇಳಿದೆ, ಬಿಡಿಸಿ ಹೇಳಲಿಲ್ಲ. ಯಾರೂ ಕಾಫಿ ಕುಡಿಯಲಿಲ್ಲ. ಇಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಕೂತೆ.

ಅಯ್ಯನವರು ಮೊದಲಿಂದ ಕೊನೆಯವರೆಗೂ ತಲೆ ಆಡಿಸುತ್ತಲೇ ಇದ್ದರು. “ಅಮ್ಮಾ, ಪುಸ್ತಕದ ತಿರುಳನ್ನೇ ಹಿಡಿದ್ಬಿಟ್ಟಿದ್ದೀರ. ಬರೋ ಭಾನುವಾರ ಇಡೀ ಸಭೆ ಮುಂದೆ ಇದನ್ನೇ ಹೇಳ್ಬೇಕು. ಕೂಟದ ವಿಷಯದಲ್ಲಿ ಇನ್ನು ಮಾತೇ ಇಲ್ಲ, ನೀವೇ ನಡೆಸಿ” ಅಂದರು. ಹಗುರಾಯಿತು. ಟೀಚರಮ್ಮನ ಕಡೆ ಒಂದು ಸಲ ನೋಡಿದೆ, ಬೇಕಂತಲೇ.

ಅಯ್ಯನವರು, ಅಮ್ಮನವರು ಒಳಗೆ ಕಾಫಿಗೆ ಕೂತಿದ್ದರು. ಮಿಕ್ಕವರೆಲ್ಲ ಹೋದ ಮೇಲೂ ಟೀಚರಮ್ಮ ಚಪ್ಪಲಿ ಬಿಟ್ಟಿದ್ದ ಜಾಗದಲ್ಲೇ ನಿಂತಿದ್ದರು.

“ತಪ್ಪು ತಿಳ್ಕೋಬೇಡಿ. ಅದು ಬೋಧನೆ ಅಲ್ಲಮ್ಮ. ಒಪ್ಪೋಲೆ ಅಂದ್ರೆ ಅಚ್ಚಾಗೋವಾಗ ತಪ್ಪು ಬಿದ್ದಿರೋ ಪದಗಳ ಪಟ್ಟಿ. ಹದಿನಾಲ್ಕು ಅಂದ್ರೆ ಪುಟ, ಆರು ಅಂದ್ರೆ ಸಾಲು. ಆ ಸಾಲಲ್ಲಿ ‘ಕುಡಿ’ ಅಂತ ಬಿದ್ದಿದೆ, ‘ಕೂಡಿ’ ಅಂತ ಓದ್ಕೊಳ್ಳಿ ಅಂತ.”

ನಾನು ಪುಸ್ತಕದ ಕೊನೆ ತೆಗೆದು ಚೀಟಿಯನ್ನು ಇನ್ನೊಂದು ಸಲ ನೋಡಿದೆ. “ಎಲ್ಲಾರ ಮುಂದೇನೇ ಹೇಳ್ಬೋದಾಗಿತ್ತಲ್ಲ. ಕೂಟ ನಿಮ್ಮದಾಗ್ತಿತ್ತು.”

ಅವರು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡರು. ಸರಿಯಾಗಿಯೇ ಇತ್ತು. “ಆ ಪುಸ್ತಕ ಅಚ್ಚಿಗೆ ಹೋಗೋ ಮುಂಚೆ ಕರಡು ತಿದ್ದಿಕೊಟ್ಟೋಳು ನಾನು. ತಪ್ಪು ಹಿಡಿಯೋದೇ ನನ್ನ ಕೆಲ್ಸ ಆಗಿತ್ತು. ಆ ಐದೂ ನಾನು ನೋಡ್ದೆ ಬಿಟ್ಟಿದ್ದು.”

“ಕೋಳೀನೂ?”

“ಕೋಳೀನೂ.”

ಅಲ್ಲಿಗೆ ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿತ್ತು. ನಾನು ಸುಮ್ಮನಿದ್ದರೆ ಅವರೂ ಸುಮ್ಮನಿರುತ್ತಿದ್ದರು. ಭಾನುವಾರ ಇಡೀ ಸಭೆ ಸ್ತೋತ್ರ ಅನ್ನುತ್ತಿತ್ತು. ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಯಾವುದು ತಪ್ಪು, ಯಾವುದು ಒಪ್ಪು ಅಂತ ಅರ್ಧ ಗಂಟೆ ಊರಿಗೆಲ್ಲ ಹೇಳಿದ ಬಾಯಿ ಇನ್ನೂ ಆರಿರಲಿಲ್ಲ. ಒಳಗೆ ಹೋದೆ. ಅಯ್ಯನವರು ಎರಡನೇ ಕಾಫಿಯ ಜೊತೆ ಚಕ್ಕುಲಿ ಮುರಿಯುತ್ತಿದ್ದರು.

“ಅಯ್ಯನವ್ರೇ, ನಾನು ಓದಿದ್ದು ಮೂರೇ ಪುಟ. ಹೇಳಿದ್ದು ಪುಸ್ತಕದ ತಿರುಳಲ್ಲ, ಅಚ್ಚಿನ ತಪ್ಪು” ಅಂದು ಚೀಟಿಯನ್ನು ತೋರಿಸಿದೆ.

ಅವರು ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು. “ಯಾರು ಹೇಳಿದ್ರು ನಿಮ್ಗೆ?”

“ಓದಿರೋರು ಹೇಳಿದ್ರು.” ಕರಡಿನ ವಿಷಯ ನನ್ನದಲ್ಲ, ಹೇಳಲಿಲ್ಲ. “ನೀವು ಓದಿದ್ದೀರಾ ಅಯ್ಯನವ್ರೇ? ಕೋಳಿ ಅಂದಾಗ್ಲೂ ತಲೆ ಆಡಿಸ್ತಿದ್ರಲ್ಲ.”

ಅವರು ಫ್ಯಾನು ನೋಡಿದರು. “ಪಟ್ಟಿ ಮೇಲಿಂದ ಬಂದಿದ್ದಮ್ಮ. ಹನ್ನೆರಡರಲ್ಲಿ ಐದು ಓದಿದೀನಿ. ಇದು... ಆರನೇದು.”

ಅಮ್ಮನವರಿಗೆ ಕಾಫಿ ಮೂಗಿಗೆ ಹತ್ತಿತು.

ಅಯ್ಯನವರು ಒಳ್ಳೆಯವರು, ಬೇಗ ಸುಧಾರಿಸಿಕೊಂಡರು. “ಆಯ್ತು. ಓದ್ಬೇಕು ಅಂತ ಹೇಳಿದ ಮಾತು ಹೇಳಿದ್ದೇ. ಬರೋ ಮಂಗಳವಾರದೊಳಗೆ ನೀವೂ ಓದಿ, ನಾನೂ ಓದ್ತೀನಿ. ಆಗ್ಲಿಲ್ಲ ಅಂದ್ರೆ ಕೂಟ ಟೀಚರಮ್ಮನಿಗೆ. ಭಾನುವಾರ ನಾನೇ ಮಾತಾಡ್ತೀನಿ.”

“‘ನಾನೇ’ ತಪ್ಪು, ಅಯ್ಯನವ್ರೇ” ಅಂತ ಅಡುಗೆಮನೆಯಿಂದ ಸೊಸೆ ಕೂಗಿದಳು.

ಮಾರನೆಯ ದಿನ ಬುಧವಾರ. ಬೆಳಿಗ್ಗೆ ತಿಂಡಿ ತಿಂದವಳೇ ಪುಸ್ತಕ, ಕನ್ನಡಕ, ಒಂದು ಪೆನ್ಸಿಲ್ಲು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ದಟ್ಟಗಳ್ಳಿಗೆ ಹೋದೆ. ಟೀಚರಮ್ಮ ಗಿಡಕ್ಕೆ ನೀರು ಹಾಕುತ್ತಿದ್ದರು.

“ವಾರದೊಳಗೆ ನಾನು ಇದನ್ನು ಮುಗಿಸದಿದ್ರೆ ಕೂಟ ನಿಮ್ಗಂತೆ. ಒಬ್ಳೇ ಓದಿದ್ರೆ ಮುಗಿಯಲ್ಲ. ನೀವು ಓದಿ, ನಾನು ಬೆರಳಿಟ್ಕೊಂಡು ಬರ್ತೀನಿ. ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬುಡಿ, ಹತ್ತೂವರೆ ಬಸ್ಸಿದೆ.”

ಅವರು ನೀರಿನ ಕೊಳಾಯಿ ನಿಲ್ಲಿಸಿದರು. “ಒಳಗೆ ಬನ್ನಿ” ಅಂದರು.

ಮೊದಲನೇ ಪುಟದಿಂದ ಶುರು ಮಾಡಿದೆವು. ಅವರು ಓದುವುದು ನೀರು ಹರಿದ ಹಾಗೆ. ನನ್ನ ಬೆರಳು ಹಿಂದೆ ಬಿದ್ದಾಗ ನಿಂತು ಕಾಯುತ್ತಿದ್ದರು. ಏಳನೇ ಪುಟದಲ್ಲಿ, “ತಾಯಿಯಾದವಳು ಮಕ್ಕಳಿಗಾಗಿ ಬಿಡದೆ ಪ್ರಾರ್ಥಿಸಬೇಕು” ಅಂತ ಓದಿ ಮುಂದಕ್ಕೆ ಹೋದರು. ನನ್ನ ಬೆರಳು ಹೋಗಲಿಲ್ಲ.

“ನಿಲ್ಲಿ. ಇಲ್ಲಿ ‘ಬಡಿದೆ’ ಅಂತಿದೆ. ಮಕ್ಕಳನ್ನ ಬಡಿದು ಆಮೇಲೆ ಪ್ರಾರ್ಥನೆ ಮಾಡ್ಬೇಕಾ?”

ಟೀಚರಮ್ಮ ಪುಸ್ತಕವನ್ನು ಕಣ್ಣ ಹತ್ತಿರ ತಂದರು, ದೂರ ಹಿಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು.

ನಾನು ಚೀಲದಿಂದ ಪೆನ್ಸಿಲ್ಲು ತೆಗೆದು, ಗುಲಾಬಿ ಚೀಟಿಯ ಕೊನೆಯಲ್ಲಿ ಉಳಿದಿದ್ದ ಜಾಗದಲ್ಲಿ ನಿಧಾನವಾಗಿ ಬರೆದೆ. ಏಳು, ನಾಲ್ಕು. ತಪ್ಪು: ಬಡಿದೆ. ಒಪ್ಪು: ಬಿಡದೆ.